ಮೊರದ ತುಂಬ ಹೊಸ ಪ್ರಭೇದ

ಜಗತ್ತಿನ ಯಾವ ವಿಜ್ಞಾನಿಯೂ ಇನ್ನೂ ಹೆಸರಿಡದ ಒಂದು ಸಸ್ಯವನ್ನು ಈ ಮೇ ತಿಂಗಳಲ್ಲಿ ನಾನು ಉಪ್ಪು ಖಾರ ಹಚ್ಚಿಕೊಂಡು ತಿಂದೆ.

ರುಚಿ ಹೇಗಿತ್ತು ಅಂತೀರಾ? ಹಸಿ ಕಡಲೆಕಾಯಿಗೂ ಎಳೆ ಮೂಲಂಗಿಗೂ ನಡುವೆ ಎಲ್ಲೋ. ಕೊನೆಯಲ್ಲಿ ಸ್ವಲ್ಪ ಕಹಿ. ಪರವಾಗಿಲ್ಲ, ಇನ್ನೊಂದು ತಿನ್ನೋಣ ಎಂದು ಕೈ ಚಾಚುವಷ್ಟರಲ್ಲಿ ಸ್ಕೂಟರಿನಿಂದ ಬ್ಯಾಗ್ ಇಳಿಸಿಕೊಂಡು ಚೈತ್ರಾ ಜಗಲಿಗೆ ಬಂದಳು. ಮೊರ ನೋಡಿದಳು. ನನ್ನ ಬಾಯಿ ನೋಡಿದಳು. ನಾನು ಅಗಿಯುವುದನ್ನು ನಿಲ್ಲಿಸಿದೆ.

ಚೈತ್ರಾ ನನ್ನ ಹಳೆಯ ವಿದ್ಯಾರ್ಥಿನಿ. ದೊಡ್ಡಬಳ್ಳಾಪುರದಲ್ಲಿ ನಾನು ಕನ್ನಡ ಪಾಠ ಹೇಳುವ ಹೈಸ್ಕೂಲಿನಲ್ಲಿ ಓದಿದವಳು. ನಾನು ಬೋರ್ಡಿನ ಮೇಲೆ ಪ್ರಸ್ತಾರ ಹಾಕುತ್ತಿದ್ದರೆ ಅವಳು ಕಿಟಕಿಯಾಚೆಯ ಬೇಲಿ ನೋಡುತ್ತಿದ್ದಳು. (ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದೇನೋ.) ಈಗ ಅವಳು ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿರುವ ಅವಳಪ್ಪ, ಯಾರಾದರೂ ಕೇಳಿದರೆ, “ಮಗಳು ಸೊಪ್ಪು ಸದೆ ಓದ್ತಾವ್ಳೆ” ಎಂದು ಹೇಳಿ ಮಗ್ಗದ ಕಡೆ ತಿರುಗಿಬಿಡುತ್ತಾರೆ.

ಕಳೆದ ವರ್ಷ ಅವಳನ್ನು ನಮ್ಮೆಜಮಾನರ ಊರಿಗೆ ಕರೆದುಕೊಂಡು ಹೋಗಿದ್ದೆ. ಸೂಲಿಬೆಲೆಯಿಂದ ಇನ್ನೂ ಒಳಗೆ ಹೋಗಬೇಕು. ಅಲ್ಲಿ ಅವರ ಅಣ್ಣ, ನಮ್ಮ ಭಾವ ನಂಜುಂಡಪ್ಪ, ಮತ್ತು ನಾನು ಅಕ್ಕ ಎನ್ನುವ ನನ್ನ ವಾರಗಿತ್ತಿ ಇದ್ದಾರೆ. ಎರಡು ಹಸು, ರಾಗಿ ಹೊಲ, ಊರ ಹಿಂದೆ ಬೋರೆ ಎನ್ನುವ ಒಂದು ಕಲ್ಲು ಗುಡ್ಡ. ಊಟವಾದ ಮೇಲೆ ಎಲ್ಲರೂ ಒಂದು ಗಳಿಗೆ ಮಲಗಿದರೆ ಇವಳು ಬೋರೆ ಹತ್ತಿದ್ದಾಳೆ. ವಾಪಸ್ ಬಂದಾಗ ಕೈಯಲ್ಲೊಂದು ಬಾಡಿದ ಹೂ. ಅಂಗಿ ಗುಂಡಿಯಷ್ಟೇ ದೊಡ್ಡದು, ಕರಿಗೆಂಪು ಬಣ್ಣ.

“ಮಿಸ್, ಇದು ಹೊಸದಿರಬಹುದು” ಅಂದಳು. ನನಗೆ ಅದು ಹಳೆಯದಾಗಿಯೇ ಕಂಡಿತು. ಬಾಡಿತ್ತಲ್ಲ.

ದಾರಿಯುದ್ದಕ್ಕೂ ವಿವರಿಸಿದಳು. ನಮ್ಮ ಎಕ್ಕದ ಗಿಡದ ಕುಟುಂಬವಂತೆ. ವರ್ಷವಿಡೀ ನೆಲದೊಳಗೆ ಗೆಡ್ಡೆಯಾಗಿ ಮಲಗಿರುತ್ತದೆ. ಭರಣಿ ಮಳೆ ಬಿದ್ದರೆ ಗೇಣುದ್ದ ಮೇಲೆದ್ದು, ಹತ್ತು ಹದಿನೈದು ದಿನ ಹೂ ಬಿಟ್ಟು, ಮತ್ತೆ ಮಾಯ. ಇದರ ಬಂಧುಬಳಗವೆಲ್ಲ ನೋಡಲು ಒಂದೇ ಥರ. ಇದು ಬೇರೆ ಪ್ರಭೇದ ಎಂದು ಸಾಧಿಸಬೇಕಾದರೆ ಹೂವಿನ ನಡುವೆ ಸಾಸಿವೆ ಕಾಳಿನಷ್ಟಿರುವ ಒಂದು ಭಾಗವನ್ನು ಸರಿಯಾಗಿ ನೋಡಬೇಕು. ಬಾಡಿದ ಹೂವಿನಲ್ಲಿ ಅದು ಮುದುಡಿಹೋಗಿರುತ್ತದೆ. ತಾಜಾ ಹೂ ಬೇಕು, ಅದು ಬೆಳೆದ ಜಾಗದಲ್ಲೇ ಫೋಟೋ ತೆಗೆಯಬೇಕು, ಆಮೇಲೆ ಸ್ಪಿರಿಟ್ ಬಾಟಲಿಗೆ ಹಾಕಬೇಕು. ಅದಕ್ಕೆ ಇನ್ನೊಂದು ವರ್ಷ ಕಾಯಬೇಕು.

ಕಾದಳು. ಫೆಲೋಶಿಪ್ ಈ ಡಿಸೆಂಬರ್‌ಗೆ ಮುಗಿಯುತ್ತದೆ. ಮತ್ತೊಂದು ಬೇಸಿಗೆ ಅವಳ ಕೈಯಲ್ಲಿರಲಿಲ್ಲ. ಈ ಸಲ ಹೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮೂರು ವರ್ಷದ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಈ ವರ್ಷ ಭರಣಿ ಚೆನ್ನಾಗಿ ಸುರಿಯಿತು. ಶನಿವಾರ ನಾನೇ ಭಾವನಿಗೆ ಫೋನ್ ಮಾಡಿದೆ.

“ಭಾವ, ನಾಳೆ ಚೈತ್ರಾನ ಕರ್ಕೊಂಡು ಬರ್ತಾ ಇದ್ದೀನಿ. ಬೋರೆ ಮೇಲೆ ಒಂದು ಸಣ್ಣ ಗಿಡ, ಕೆಳಗೆ ಗೆಡ್ಡೆ ಇರುತ್ತಲ್ಲ, ಅದನ್ನ ನೋಡ್ಬೇಕಂತೆ ಅವಳು.”

“ಅದಾ? ದನ ಕಾಯೋವಾಗ ನಾವು ಅಗೆದು ತಿಂತಿದ್ದ ಗೆಡ್ಡೆ. ಬಾಮ್ಮ, ಬಾ. ಅದಕ್ಕೇನಂತೆ.”

ಆ ‘ಅದಕ್ಕೇನಂತೆ’ ಕೇಳಿದಾಗಲೇ ನಾನು ಎಚ್ಚರವಾಗಬೇಕಿತ್ತು. ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅಲ್ಲಿ ಯಾವ ವಸ್ತುವನ್ನೂ ಸುಮ್ಮನೆ ನೋಡುವ ಹಾಗಿಲ್ಲ. ಒಮ್ಮೆ ನಮ್ಮೆಜಮಾನರು ಹಿತ್ತಲಲ್ಲಿ ಕೂಗುತ್ತಿದ್ದ ಹುಂಜ ನೋಡಿ ‘ಎಷ್ಟು ಚೆನ್ನಾಗೈತೆ’ ಅಂದರು. ಮಧ್ಯಾಹ್ನ ಅದು ಸಾರಿನಲ್ಲಿತ್ತು.

ಭಾನುವಾರ ಬೆಳಿಗ್ಗೆ ಹೊರಟೆವು. ಚೈತ್ರಾಳ ಬ್ಯಾಗಿನಲ್ಲಿ ಕ್ಯಾಮೆರಾ, ಭೂತಗನ್ನಡಿ, ಚಿಮಟ, ಸ್ಪಿರಿಟ್ ಬಾಟಲಿ, ಗಿಡ ಒತ್ತಿ ಒಣಗಿಸಲು ಒಂದು ಕಟ್ಟು ಹಳೆಯ ಪೇಪರ್. (ನನ್ನ ಅಂಕಣ ಬರುವ ಪುಟವೂ ಅದರಲ್ಲಿತ್ತು. ‘ಇದು ಚೆನ್ನಾಗಿ ತೇವ ಹೀರುತ್ತೆ ಮಿಸ್’ ಅಂದಳು. ಓದುಗರಿಂದ ಇಷ್ಟು ಖಚಿತವಾದ ಮೆಚ್ಚುಗೆ ಅಪರೂಪ.) ದೇವನಹಳ್ಳಿ ದಾಟಿ, ಸೂಲಿಬೆಲೆ ದಾಟಿ, ಹತ್ತು ಗಂಟೆಗೆ ಭಾವನ ಮನೆ ಮುಂದೆ ಇಳಿದೆವು.

ಜಗಲಿಯ ಮೇಲೆ ಮೊರ. ಮೊರದ ತುಂಬ ಬಿಲ್ಲೆ ಬಿಲ್ಲೆಯಂಥ ಗೆಡ್ಡೆ. ತೊಳೆದು, ಬೇರು ಸವರಿ, ಒಪ್ಪ ಮಾಡಿ ಇಟ್ಟಿದ್ದಾರೆ. ನಾಲ್ಕೈದನ್ನು ಮಾತ್ರ ಸಿಪ್ಪೆ ತೆಗೆದು, ಹೆಚ್ಚಿ, ಪಕ್ಕದ ತಟ್ಟೆಯಲ್ಲಿ ಉಪ್ಪು ಖಾರ. ನಾನು ಎಂದೂ ಆ ಗೆಡ್ಡೆ ಕಂಡವಳಲ್ಲ. ಅಕ್ಕ ತಟ್ಟೆ ಮುಂದೆ ಹಿಡಿದರು, ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಮುಂದಿನದು ಮೊದಲೇ ಹೇಳಿದೆನಲ್ಲ.

ಭಾವನ ಮುಖದಲ್ಲಿ ಎಂಥ ಸಂತೋಷ!

“ಈ ಬಿಸ್ಲಲ್ಲಿ ಓದೋ ಹುಡ್ಗೀನ ಬೋರೆ ಹತ್ತಿಸ್ತಾರೇನಮ್ಮ? ನಾನೇ ಬೆಳಿಗ್ಗೆ ಐದಕ್ಕೆ ಹಾರೆ ತಗೊಂಡೋಗಿ ಎಲ್ಲಾನೂ ಅಗೆದು ತಂದ್ಬುಟ್ಟೆ. ಇಲ್ಲೇ ನೆರಳಲ್ಲಿ ಕೂತ್ಕಂಡು ನೋಡ್ಲಿ, ಎಷ್ಟೊತ್ತಾದ್ರೂ ನೋಡ್ಲಿ.”

“ಎಲ್ಲಾನೂನಾ ಅಂಕಲ್?” ಚೈತ್ರಾಳ ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ಒಂದೂ ಬಿಟ್ಟಿಲ್ಲ ಕಣವ್ವ!”

“ಗಿಡ? ಮೇಲಿನ ಗಿಡ ಎಲ್ಲಿ?”

“ಹಸುಗೆ ಹಾಕ್ದೆ” ಅಂದರು ಅಕ್ಕ.

“ಹೂವು ಆಂಟಿ?”

“ಹೂವಾ? ಥೂ, ಸತ್ತಿಲಿ ನಾತ ಕಣವ್ವ ಅದು. ಬಂದ ಹುಡ್ಗಿಗೆ ವಾಕರಿಕೆ ಬಂದ್ಬಿಡ್ತದೆ ಅಂತ ಮೊದ್ಲು ಅದನ್ನೇ ಕಿತ್ತು ತಿಪ್ಪೆಗೆ ಎಸೆದೆ.”

ಚೈತ್ರಾ ಚಿಮಟ ತೆಗೆದುಕೊಂಡು ಸೀದಾ ಹಿತ್ತಲಿಗೆ ಹೋಗಿ ತಿಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೋಳಿಗಳು ಅವಳಿಗಿಂತ ಮೊದಲೇ ಬಂದು ಕೆದಕಿದ್ದವು. ಅರ್ಧ ಗಂಟೆ ಹುಡುಕಿದ್ದಕ್ಕೆ ಎರಡು ಹೂ ಸಿಕ್ಕವು. ಒಂದು ಹರಿದಿತ್ತು, ಇನ್ನೊಂದು ಅಪ್ಪಚ್ಚಿ. ಎರಡನ್ನೂ ಬಾಟಲಿಗೆ ಹಾಕಿದಳು, ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ.

“ಆ ಮಗೂಗೆ ಏನಾಯ್ತೇ?” ಎಂದು ಅಕ್ಕ ನನ್ನನ್ನು ಕೇಳಿದರು. ನಾನು ಭಾವನಿಗೂ ಅಕ್ಕನಿಗೂ ಕೂಡಿಸಿ ವಿವರಿಸಿದೆ. ಹೂವು, ಸಾಸಿವೆ ಕಾಳು, ಡಿಸೆಂಬರ್, ಎಲ್ಲ. ಭಾವ ಟವೆಲ್ ತೆಗೆದು ಮುಖ ಒರೆಸಿಕೊಂಡರು.

“ಅಂಗಾದ್ರೆ ಹೂವೇ ಬೇಕಾಗಿತ್ತಾ?”

“ಹೌದು ಭಾವ.”

“ಅದೂ ಬೋರೆ ಮೇಲೆ ಇದ್ದಂಗೇ?”

“ಹೌದು.”

“ಮತ್ತೆ ನೀನು ಬಾಯಿಬಿಟ್ಟು ಹೇಳ್ಬೇಕಲ್ವೇನಮ್ಮ. ಮನೆಗೆ ಬಂದೋರನ್ನ ಬರಿಗೈಲಿ ಕಳಿಸ್ದಂಗಾಯ್ತಲ್ಲ” ಅಂದರು. ಜೋರಾಗಿ ಹೇಳಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮಕ್ಕಳಿಗೆ ವ್ಯಾಕರಣ ಬರೆಸುವಾಗ ಒಂದು ಅಲ್ಪವಿರಾಮ ಬಿಡದ ನಾನು, ‘ಮುಟ್ಟಬೇಡಿ’ ಎಂಬ ಒಂದು ಮಾತನ್ನು ಬಿಟ್ಟಿದ್ದೆ.

ಆದರೆ ಯಾರಿಗೆ ಹೊಳೆಯುತ್ತದೆ ಹೇಳಿ? ನಮ್ಮ ಕಡೆ ನೆಂಟರಿಗೆ ‘ಹೊಲಕ್ಕೆ ಹೋಗಿ ಅವರೇಕಾಯಿ ಕಿತ್ಕೊಳ್ಳಿ’ ಎಂದು ಯಾರಾದರೂ ಹೇಳುತ್ತಾರಾ? ಕಿತ್ತು, ಸೋಸಿ, ಚೀಲಕ್ಕೆ ತುಂಬಿ, ಬಸ್ಸಿನ ತನಕ ಹೊತ್ತುಕೊಟ್ಟು ಬರುತ್ತಾರೆ. ಕೈ ಬೀಸಿಕೊಂಡು ಬಂದವರು ಕೈ ಬೀಸಿಕೊಂಡು ಹೋದರೆ ಮನೆಯವರಿಗೇ ಅವಮಾನ.

ಸಂಜೆ ನಾಲ್ಕಕ್ಕೆ ಬೋರೆ ಹತ್ತಿದೆವು. ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ಹತ್ತಿದ್ದು ಅದೇ ಮೊದಲು. ಬಂಡೆಗಳ ನಡುವೆ ಅಲ್ಲಲ್ಲಿ ಹಸಿ ಮಣ್ಣಿನ ಗುರುತು. ದನದ ಕಾಲು ಸಿಕ್ಕಿಕೊಳ್ಳಬಾರದೆಂದು ಭಾವ ಪ್ರತಿ ಗುಂಡಿಯನ್ನೂ ನೀಟಾಗಿ ಮುಚ್ಚಿದ್ದರು. ಆರು ಗಂಟೆಯವರೆಗೆ ಹುಡುಕಿದೆವು. ಭಾವ ಸುಳ್ಳು ಹೇಳುವವರಲ್ಲ. ಒಂದೂ ಬಿಟ್ಟಿರಲಿಲ್ಲ.

ಚೈತ್ರಾ ಬಂಡೆ ಮೇಲೆ ಕೂತು ಅತ್ತಳು. ಮುಸುಮುಸು ಅಲ್ಲ, ಚೆನ್ನಾಗಿಯೇ ಅತ್ತಳು. ನಾನು ಮೇಷ್ಟ್ರಮ್ಮನ ಥರ ‘ಇರಲಿ ಬಿಡು’ ಅಂದೆ. ಅಂಥ ಹೊತ್ತಿನಲ್ಲಿ ಅದಕ್ಕಿಂತ ನಿಷ್ಪ್ರಯೋಜಕ ಮಾತು ಇನ್ನೊಂದಿಲ್ಲ.

ಭಾವ ದೂರದಲ್ಲಿ ನಿಂತಿದ್ದರು. ಆಮೇಲೆ ಹತ್ತಿರ ಬಂದು, “ಅಳ್ಬ್ಯಾಡ ಕಣವ್ವ. ತಪ್ಪಾಯ್ತು. ಗೆಡ್ಡೆ ಇನ್ನೂ ಸತ್ತಿಲ್ಲ. ಎಲ್ಲೆಲ್ಲಿ ಕಿತ್ತಿದ್ನೋ ಅಲ್ಲಲ್ಲೇ ಮತ್ತೆ ನೆಡ್ತೀನಿ” ಅಂದರು. ಅಷ್ಟು ವಯಸ್ಸಿನವರು ತಪ್ಪಾಯ್ತು ಅಂದದ್ದು ಕೇಳಿ ಅವಳು ಗಾಬರಿಯಾಗಿ ಅಳು ನಿಲ್ಲಿಸಿದಳು. ಕೊನೆಗೆ ಗೆಡ್ಡೆ ಪಾಲಾಯಿತು. ಅರ್ಧ ಭಾವನಿಗೆ, ಬೋರೆಯಲ್ಲಿ ನೆಡಲು. ಅರ್ಧ ಚೈತ್ರಾಳಿಗೆ, ಮನೆಯ ತಾರಸಿಯಲ್ಲಿ ಕುಂಡಕ್ಕೆ ಹಾಕಲು.

ವಾಪಸ್ ಬರುವಾಗ ದೇವನಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ನನಗೊಂದು ಪ್ರಶ್ನೆ ಕೊರೆಯುತ್ತಿತ್ತು, ಕೇಳಿಯೇಬಿಟ್ಟೆ. “ಅಲ್ಲ ಚೈತ್ರಾ, ಭಾವ ಆರು ವರ್ಷದ ಹುಡುಗನಿದ್ದಾಗಿಂದ ಇದನ್ನ ತಿಂತಿದ್ದಾರೆ. ನೀನು ಹೋಗಿ ಹೊಸ ಪ್ರಭೇದ ಕಂಡುಹಿಡಿದೆ ಅಂದ್ರೆ ಅದು ಯಾವ ನ್ಯಾಯ?”

ಅವಳಿಗೆ ಕೋಪ ಇನ್ನೂ ಇಳಿದಿರಲಿಲ್ಲ. “ಅಂಕಲ್ ಅದನ್ನ ತಿಂದಿದ್ದಾರೆ ಮಿಸ್, ನೋಡಿಲ್ಲ” ಅಂದಳು.

ಒರಟು ಮಾತು. ಆದರೆ ಯೋಚಿಸಿ ನೋಡಿ. ದಿನಾ ಓಡಾಡುವ ದಾರಿಯಲ್ಲಿ ಎಷ್ಟು ಗಿಡಗಳ ಹೆಸರು ನಮಗೆ ಗೊತ್ತು? ಸಾರಿಗೆ ಬರುವುದು ಸೊಪ್ಪು, ದೇವರಿಗೆ ಏರುವುದು ಹೂವು, ಹಸು ತಿನ್ನುವುದು ಹುಲ್ಲು, ಉಳಿದದ್ದೆಲ್ಲ ಕಳೆ. ಭಾವನ ಗೆಡ್ಡೆಗೆ ಹೆಸರೇ ಇಲ್ಲ. ಕೇಳಿದರೆ ‘ಹೆಸ್ರೇನಮ್ಮ, ಗೆಡ್ಡೆ ಅಂತೀವಿ’ ಎನ್ನುತ್ತಾರೆ. ಇನ್ನು ನಾನು? ತಿಂದೂ ಇರಲಿಲ್ಲ, ನೋಡಿಯೂ ಇರಲಿಲ್ಲ. ನ್ಯಾಯ ಕೇಳಲು ಮಾತ್ರ ಮುಂದೆ.

ಮುಂದಿನ ಕಥೆ ಕೇಳಿ. ತಾರಸಿಯ ಕುಂಡಗಳನ್ನು ಚೈತ್ರಾಳ ಅಮ್ಮ ವಹಿಸಿಕೊಂಡರು. ‘ಪಾಪ, ಮಗಳ ಗಿಡ’ ಎಂದು ದಿನಕ್ಕೆರಡು ಬಾರಿ ಚೊಂಬು ಚೊಂಬು ನೀರು. ಬಂಡೆಯ ಸಂದಿಯಲ್ಲಿ ಒಣಗಿಕೊಂಡು ಬದುಕುವ ಗೆಡ್ಡೆ ಎಷ್ಟು ಪ್ರೀತಿ ತಡೆದೀತು? ಜುಲೈ ಹೊತ್ತಿಗೆ ಎಲ್ಲವೂ ಕೊಳೆತವು. ಚೈತ್ರಾ ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟಳಂತೆ. ನನಗೆ ಫೋನ್ ಮಾಡಿದಾಗ ಕೆಲಸ ಹುಡುಕುವ ಮಾತಾಡುತ್ತಿದ್ದಳು. ನಾನು ಊರಿಗೆ ಫೋನ್ ಮಾಡಲು ಹೆದರಿ ಸುಮ್ಮನಿದ್ದೆ.

ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ನಡುವೆ, ಭಾವನದೇ ಫೋನ್ ಬಂತು.

“ಅಮ್ಮಾ, ನಾತ ಬಂತು!”

“ಏನು ನಾತ ಭಾವ?”

“ಅದೇ ಕಣಮ್ಮ, ಸತ್ತಿಲಿ ನಾತ! ಮತ್ತೆ ನೆಟ್ಟಿದ್ದಕ್ಕೋ ಏನೋ, ಕಾಲ ತಪ್ಪಿ ಒಂದು ಗಿಡ ಎದ್ದೈತೆ. ಎರಡು ಹೂವ. ಸುತ್ತ ಜಾಲಿ ಮುಳ್ಳು ಹಾಕಿವ್ನಿ. ನಾನು ಮುಟ್ಟಿಲ್ಲ. ನಿಮ್ಮಕ್ಕನ್ನ ಅತ್ಲಾಗೆ ಬಿಟ್ಟೇ ಇಲ್ಲ. ಆ ಮಗೂನ ಬೇಗ ಕರ್ಕಂಬಾ.”

ಅರವತ್ತೆಂಟು ವರ್ಷದ ಮನುಷ್ಯ ದುರ್ನಾತಕ್ಕೆ ಇಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. ನನಗೂ ಫೋನ್ ಹಿಡಿದಲ್ಲೇ ಕಣ್ಣು ತುಂಬಿತು. (ಅಂಕಣಕಾರರಿಗೂ ಒಮ್ಮೊಮ್ಮೆ ಹಾಗಾಗುತ್ತದೆ.)

ಮರುದಿನ ಶಾಲೆಗೆ ರಜೆ ಹಾಕಿ ಚೈತ್ರಾಳ ಜೊತೆ ಹೊರಟೆ. ಭಾವ ಕೋಲು ಹಿಡಿದು ರಸ್ತೆಯಲ್ಲೇ ನಿಂತಿದ್ದರು. ಅಕ್ಕ ಬಾಗಿಲಿಂದ, “ಒಂದು ಲೋಟ ಕಾಫಿನಾದ್ರೂ ಕುಡ್ಕಂಡು ಹೋಗ್ಲಿ” ಎಂದು ಕೂಗಿದರು. “ಮೊದ್ಲು ಬೋರೆ. ಕಾಫಿ ಆಮೇಲೆ” ಎಂದು ಭಾವ ಗದರಿದರು. ಆ ಮನೆಯ ಚರಿತ್ರೆಯಲ್ಲಿ ಬಂದವರ ಗಂಟಲು ಒದ್ದೆ ಮಾಡದೆ ಬಿಸಿಲಿಗೆ ಅಟ್ಟಿದ್ದು ಅದೇ ಮೊದಲಿರಬೇಕು. ಮೇಲೆ ಹೋದ ಮೇಲೂ ಹತ್ತು ಮಾರು ದೂರದಲ್ಲೇ ಕೈ ಕಟ್ಟಿ ನಿಂತರು. ಮುಳ್ಳು ಸರಿಸಲು ನಾನು ಹೋದರೆ, “ನೀನೂ ಮುಟ್ಬ್ಯಾಡಮ್ಮ, ಅವಳೇ ಮಾಡ್ಲಿ” ಅಂದರು.

ಚೈತ್ರಾ ಮೊದಲು ಫೋಟೋ ತೆಗೆದಳು. ಆಮೇಲೆ ಮಣ್ಣಿನ ಮೇಲೆ ಬೋರಲು ಮಲಗಿ ಭೂತಗನ್ನಡಿ ಹಿಡಿದಳು. ಕಾಲು ಗಂಟೆ ಅಲುಗಲಿಲ್ಲ. ತಲೆಯೆತ್ತಿದಾಗ ಮುಖ ನೋಡಿಯೇ ನಮಗೆ ಗೊತ್ತಾಯಿತು. ಒಂದು ಹೂ ಬಾಟಲಿಗೆ ಹೋಯಿತು, ಇನ್ನೊಂದನ್ನು ಗಿಡದಲ್ಲೇ ಬಿಟ್ಟಳು. ಅವಳ ಗೈಡ್ ಕೂಡ ಒಪ್ಪಿದ್ದಾರೆ, ಇದು ಬೇರೆಯದೇ.

ಹೊಸ ಪ್ರಭೇದಕ್ಕೆ ಭಾವನ ಹೆಸರನ್ನೇ ಇಡುತ್ತೇನೆ ಅಂದಳು. “ನಾತ ಹೊಡೆಯೋದಕ್ಕೆ ನನ್ನ ಹೆಸ್ರಾ? ಬ್ಯಾಡ ಕಣವ್ವ, ಊರಿನ ಹೆಸ್ರಿಡು, ಎಲ್ಲಾರ್ಗೂ ಹಂಚ್ಕಂಡೋಗ್ತದೆ” ಅಂದರು.

ಕಳೆದ ವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಪ್ರಬಂಧದ ಜೊತೆಗೆ ಈ ಸಸ್ಯಕ್ಕಿರುವ ಅಪಾಯಗಳ ಪಟ್ಟಿಯನ್ನೂ ತುಂಬಬೇಕಂತೆ. ಕುರಿ ಮೇಯುವುದು, ಕಲ್ಲು ಗಣಿ, ಬೆಂಕಿ, ಗೆಡ್ಡೆ ಅಗೆಯುವುದು. ಎಲ್ಲದಕ್ಕೂ ಒಂದೊಂದು ಖಾನೆ.

“ಅಗೆಯೋದಕ್ಕೆ ಕಾರಣ ಆರಿಸಬೇಕು ಮಿಸ್. ಆಹಾರಕ್ಕೆ, ಔಷಧಕ್ಕೆ, ಮಾರಾಟಕ್ಕೆ. ಯಾವುದು ಹಾಕ್ಲಿ?”

“ಬಂದವರಿಗೆ ಬಿಸಿಲು ತಾಗದಿರಲಿ ಅಂತ, ಇದೆಯಾ ನೋಡು” ಅಂದೆ.

ತಮಾಷೆಗೆ ಅಂದದ್ದು. ಅವಳು ಮಾತ್ರ ಪಟ್ಟಿಯ ಕೊನೆಯವರೆಗೂ ಇಳಿದು, ನಿಜವಾಗಿಯೂ ಹುಡುಕಿದಳು.

ನಮ್ಮ ಭಾವನ ಉಪಚಾರಕ್ಕೆ ವಿಜ್ಞಾನದಲ್ಲಿ ಸಿಕ್ಕ ಖಾನೆ ಒಂದೇ: ‘ಇತರೆ’.