ಬೀಗ ಹಾಕಿದ ಮನೆಯ ರೀಡಿಂಗ್

ಮನೆಮನೆಯ ಕರೆಂಟ್ ಮೀಟರ್ ಓದುವ ಕೆಲಸದ ಗಂಡನ ಪಕ್ಕ ಕೂತು, ಆಪ್ತಸಮಾಲೋಚಕಿಯ ಬಾಗಿಲಲ್ಲಿ ಕಾಯುವಾಗ ಅವಳಿಗೆ ಪ್ರತಿ ಶನಿವಾರವೂ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಹೋಗುವ ಮುನ್ನ ಇಬ್ಬರೂ ಒಂದೊಂದು ಚೀಟಿ ತುಂಬಬೇಕು: ಈ ವಾರ ದಾಂಪತ್ಯದಲ್ಲಿ ನಿಮಗೆಷ್ಟು ಸಮಾಧಾನ, ಹತ್ತಕ್ಕೆ ಎಷ್ಟು? ಅವಳು ಪೆನ್ನು ಕಚ್ಚಿ, ಎರಡು ಬರೆದು, ಹೊಡೆದು, ನಾಲ್ಕು ಮಾಡುವಷ್ಟರಲ್ಲಿ ಈ ಮಹಾರಾಯ ಏಳು ಗೀಚಿ, ಗೋಡೆಯ ಮೀಟರ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡುತ್ತ ಕೂತಿರುತ್ತಿದ್ದ. ಮೂರು ದಿನ ಮಾತೇ ಇಲ್ಲದ ವಾರವೂ ಏಳು. ಅವಳು ಮುನಿದು ಅಕ್ಕನ ಮನೆ ಸೇರಿದ ವಾರವೂ ಏಳೇ. "ಏನ್ರೀ ಇದು, ತಟ್ಟೆ ಹಾರಿದ ವಾರಾನೂ ಏಳಾ?" ಎಂದರೆ, "ಏಳು ಒಳ್ಳೇ ನಂಬರ್ ಕಣೇ, ಯಾರಿಗೂ ತೊಂದ್ರೆ ಇಲ್ಲ" ಎನ್ನುವನು. ಬೀಗ ಹಾಕಿದ ಮನೆಗೆ ಹಿಂದಿನ ತಿಂಗಳುಗಳ ಸರಾಸರಿ ಬರೆದು ಮುಂದಿನ ಮನೆಗೆ ನಡೆಯುವುದು ಅವನ ಕಸುಬಿನ ರೂಢಿ. ಸಂಸಾರಕ್ಕೂ ಅದನ್ನೇ ಬರೆಯುತ್ತಿದ್ದಾನಲ್ಲ ಎಂದು ಅವಳು ಹಲ್ಲು ಕಡಿಯುವಳು. ಒಂಬತ್ತನೇ ವಾರ ಅವಳು ಮೊದಲ ಸಲ ಆರು ಬರೆದು ಪಕ್ಕಕ್ಕೆ ಇಣುಕಿದಳು. ಅವನು ಏಳನ್ನು ಹೊಡೆದುಹಾಕಿ ಮೂರು ಎಂದು ಬರೆದಿದ್ದ. "ಮೊದಲಿಂದ್ಲೂ ಇಷ್ಟೇ ಇತ್ತು," ಎಂದ, ತಲೆಯೆತ್ತದೆ. "ಹೇಳಿದ್ರೆ ಹೊರಟೇ ಹೋಗ್ತೀಯೇನೋ ಅಂತ ಭಯ." ಅವಳು ತನ್ನ ಆರನ್ನು ಹೊಡೆದು ಎಂಟು ಮಾಡಿದಳು.