ಸುಣ್ಣ ಬಳಿಯದ ಗೋಡೆ

ಗೌರಿ ಹಬ್ಬಕ್ಕೆ ನನ್ನನ್ನು ಕರೆದಿದ್ದ ಕಿರಂಗೂರಿನ ಮನೆಗೆಲ್ಲ ಸುಣ್ಣ ಬಳಿದಿದ್ದರು. ಕೊಟ್ಟಿಗೆಯ ಒಂದು ಗೋಡೆ ಮಾತ್ರ ಹಾಗೇ ಇತ್ತು. ಹತ್ತಿರ ಹೋದರೆ, ನಾನು ಹತ್ತನೇ ತರಗತಿಗೆ ಕಲಿಸಿದ ಕಷ್ಟದ ಇಂಗ್ಲಿಷ್ ಪದಗಳೆಲ್ಲ ಅಲ್ಲಿ ಇದ್ದಿಲಿನಲ್ಲಿ ಸಾಲಾಗಿ ನಿಂತಿದ್ದವು. ಬರೆದವಳು ಆ ಮನೆಯ ಮಗಳು, ನನ್ನ ವಿದ್ಯಾರ್ಥಿನಿ ಸವಿತಾ.

ಹಸುವಿನ ಮಗ್ಗುಲಲ್ಲಿ ಕೂತಿದ್ದ ಅವಳ ತಾಯಿ ಹೇಳಿದರು: "ನಾನು ಹಾಲು ಕರೀವಾಗ ಇಲ್ಲೇ ನಿಂತ್ಕಂಡು ಓದಿ ಹೇಳ್ತಾಳೆ ಮೇಡಮ್ಮೋರೆ. ಸುಣ್ಣ ಬಳುದ್ರೆ ಮುಚ್ಚೋಯ್ತವೆ ಅಂತ ಅಂಗೇ ಬುಟ್ಬುಟ್ಟೆ." ಆಮೇಲೆ ಮೆಲ್ಲಗೆ ಕೇಳಿದರು: "ಇದ್ರಲ್ಲಿ ಸುಸ್ತು ಅನ್ನೋದು ಯಾವ್ದು?"

'ಎಕ್ಸಾಸ್ಟೆಡ್' ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ. "ಇಷ್ಟುದ್ದಾನಾ ಅದು" ಎಂದು ನಕ್ಕು, ಮತ್ತೆ ಕೆಚ್ಚಲಿಗೆ ಕೈ ಹಾಕಿದರು.

ಅಂದಿನಿಂದ, ಆ ಪದವನ್ನು ಬೋರ್ಡಿನ ಮೇಲೆ ಬರೆದ ದಿನ, ಪೀರಿಯಡ್ ಮುಗಿದರೂ ಒರೆಸಲು ನನಗೆ ಮನಸ್ಸು ಬರುವುದಿಲ್ಲ.