ಒಂದನೇ ಬೋರ್ಡಿನ ಗಾಜಿನವರು

ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ ಅವರನ್ನು ಎಲ್ಲರೂ ಗಾಜಿನವರು ಅಂತಲೇ ಕರೆಯುತ್ತಿದ್ದರು. ಮೇಜಿನ ಮೇಲೆ ಗಾಜಿನ ಹಾಳೆ ಮಲಗಿಸಿ, ಪಟ್ಟಿ ಒತ್ತಿ ಹಿಡಿದು, ಒಂದೇ ಒಂದು ಗೀರು ಎಳೆಯುವರು. ಆಮೇಲೆ ಬೆರಳಿಂದ ಒತ್ತಿದರೆ ಚಿಟಕ್ ಅಂತ ಎರಡು ಹೋಳು. ಇಪ್ಪತ್ತಾರು ವರ್ಷದಲ್ಲಿ ಆ ಕೈ ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ಅದೇ ಕೈ ಚೆಸ್ ಬೋರ್ಡಿನ ಮೇಲೆ ಹೋದರೆ ಮಾತ್ರ ಯಾಕೋ ಬುದ್ಧಿ ನೆಟ್ಟಗಿರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಲೈಬ್ರರಿಯ ಮಹಡಿಯಲ್ಲಿ ತಂಡಗಳ ಪಂದ್ಯ. ತಂಡಕ್ಕೆ ನಾಲ್ವರು, ನಾಲ್ಕು ಬೋರ್ಡು. ಗಟ್ಟಿಗರು ಒಂದನೆಯದಕ್ಕೆ, ಅವರಿಗಿಂತ ಕಡಿಮೆಯವರು ಎರಡನೆಯದಕ್ಕೆ, ಹೀಗೇ ಇಳಿಯುತ್ತಾ ಹೋಗಬೇಕೆಂದು ನಿಯಮ. ಆದರೆ ತಂಡದ ನಾಯಕರಾದ ಡ್ರಾಯಿಂಗ್ ಮೇಷ್ಟ್ರ ತಲೆ ಬೇರೆ ಥರ ಓಡುತ್ತಿತ್ತು. ಎಲ್ಲಿ ಕೂತರೂ ಸೋಲುವ ಆಸಾಮಿಯನ್ನು ಎದುರಾಳಿಯ ಹುಲಿಯ ಬಾಯಿಗೆ ಕೊಟ್ಟುಬಿಟ್ಟರೆ, ಉಳಿದ ಮೂವರಿಗೆ ಸುಲಭದ ತುತ್ತು ಸಿಗುತ್ತದಲ್ಲ!

"ಗಾಜಿನವ್ರೇ, ನೀವು ಮುಂದೆ ಕೂತ್ರೆ ನಮಗೆಲ್ಲ ಒಂದು ಧೈರ್ಯ," ಎಂದಿದ್ದರು ಮೇಷ್ಟ್ರು.

ಗಾಜಿನವರೇನು ದಡ್ಡರಲ್ಲ, ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ವರ್ಷ ಕೂತರು, ಸೋಲುತ್ತಲೇ ಬಂದರು. ಸೋಲಿಗೊಂದು ಮರ್ಯಾದೆಯಾದರೂ ಇತ್ತು. ಅವರ ಹೆಂಡತಿ ಮನೆಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ನಮ್ಮನೆಯವ್ರು ಒಂದನೇ ಬೋರ್ಡು ಕಣ್ರೀ. ಸೋತಿದ್ದು ಯಾರ ಕೈಲಿ? ಹಲ್ಲಿನ ಡಾಕ್ಟ್ರ ಕೈಲಿ!" ಎಂದು ಹೇಳಿಕೊಂಡು ಬರುತ್ತಿದ್ದಳು. ಗಾಜಿನವರ ಮನಸ್ಸಿನ ಮೂಲೆಯಲ್ಲೂ ಒಂದು ಆಸೆ ಬೆಚ್ಚಗೆ ಕೂತಿತ್ತು: ನನ್ನ ಮಟ್ಟದವರು ಎದುರಿಗೆ ಸಿಕ್ಕಿದ್ದರೆ ನಾನೂ ಗೆಲ್ಲುತ್ತಿದ್ದೆ.

ಮಂಗಳವಾರ ಸಂಜೆ ತಂಡದವರು ತಮ್ಮಲ್ಲೇ ಒಬ್ಬನ ಕ್ಷೌರದಂಗಡಿಯಲ್ಲಿ ಸೇರಿ ತಮ್ಮತಮ್ಮಲ್ಲೇ ಆಡುತ್ತಿದ್ದರು. ಅಕ್ಷರ ದುಂಡಗಿದ್ದ ಕಾರಣ, ಯಾರು ಯಾರನ್ನು ಸೋಲಿಸಿದರೆಂದು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸ ಗಾಜಿನವರದೇ. ತಮ್ಮ ಸೋಲುಗಳಲ್ಲಿ ಒಂದನ್ನೂ ಅವರು ಬಿಟ್ಟವರಲ್ಲ.

ಒಂಬತ್ತನೇ ವರ್ಷದ ಕೊನೆಯ ಪಂದ್ಯ ಹಲ್ಲಿನ ಡಾಕ್ಟರ ತಂಡದ ಮೇಲೆ. ಗೆದ್ದವರಿಗೆ ಆ ವರ್ಷದ ಕಪ್ಪು. ಅವತ್ತು ಡಾಕ್ಟರಿಗೆ ಅದೇನು ಮಂಕು ಕವಿದಿತ್ತೋ, ರಾಜನನ್ನು ಒಂದು ಮನೆ ಈಚೆಗೆ ಸರಿಸಿಬಿಟ್ಟರು. ಗಾಜಿನವರು ನೋಡಿದರು. ಮತ್ತೆ ನೋಡಿದರು. ಅವರ ಕುದುರೆ ನೆಗೆದರೆ ಒಂದೇ ಏಟಿಗೆ ರಾಜನಿಗೂ ಮಂತ್ರಿಗೂ ಗುರಿ! ಕುದುರೆ ಎತ್ತಿಟ್ಟರು. ಮಂತ್ರಿ ಹೋಯಿತು. ಅರ್ಧ ಗಂಟೆ ಒದ್ದಾಡಿ ಡಾಕ್ಟರು ಕೈ ಚಾಚಿದರು, "ಚೆನ್ನಾಗಿ ಆಡಿದ್ರಿ," ಎಂದರು. ಗಾಜಿನವರ ಕಣ್ಣು ತುಂಬಿ ಬಂತು. ತಂಡ ಎರಡೂವರೆ, ಒಂದೂವರೆಯಲ್ಲಿ ಗೆದ್ದಿತ್ತು.

ಆಗ ಎದ್ದ ನೋಡಿ, ಎದುರು ತಂಡದ ನಾಯಕ, ಔಷಧಿ ಅಂಗಡಿಯವನು. ಒಂಬತ್ತು ವರ್ಷ ಈ ಮನುಷ್ಯ ಸೋಲುವಾಗ ಆ ಮಹಾಶಯನಿಗೆ ನಿಯಮದ ನೆನಪಿರಲಿಲ್ಲ. ಗೆದ್ದ ದಿನ ನೆನಪು ಬಂತು.

"ಮೇಡಂ, ಇವ್ರ ತಂಡದಲ್ಲಿ ಇವ್ರೇ ಎಲ್ಲರಿಗಿಂತ ಕಡಿಮೆ ಆಟಗಾರರು. ಬೇಕಂತ್ಲೇ ಒಂದನೇ ಬೋರ್ಡಲ್ಲಿ ಕೂರಿಸಿದಾರೆ."

ತೀರ್ಪುಗಾರ್ತಿ ಅಂಚೆ ಕಚೇರಿಯ ಗುಮಾಸ್ತೆ. ಕನ್ನಡಕ ಏರಿಸಿ ನಿಯಮ ಓದಿದಳು: ತಪ್ಪು ಜಾಗದಲ್ಲಿ ಕೂರಿಸಿದ್ದರೆ ಆ ಆಟ ಎದುರಾಳಿಗೆ.

"ಇವ್ರೇ ನಮ್ಮಲ್ಲಿ ಗಟ್ಟಿಗರು ಮೇಡಂ," ಎಂದರು ಮೇಷ್ಟ್ರು, ರೆಪ್ಪೆ ಹೊಡೆಯದೆ. "ಈಗ ತಾನೇ ನೋಡಿದ್ರಲ್ಲ?"

ಅವಳು ಗಾಜಿನವರ ಕಡೆ ತಿರುಗಿದಳು. "ನೀವೇ ಹೇಳಿ ಸರ್. ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡೋರು ನೀವೇನಾ?"

ಹೌದು ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರು ಕಣ್ಣಲ್ಲೇ ಬೇಡಿಕೊಂಡರು.

"ಇಲ್ಲ ಮೇಡಂ. ಎಲ್ಲರಿಗಿಂತ ಕೆಳಗಿರೋನು ನಾನು," ಎಂದು ಚೀಲದಿಂದ ಮಂಗಳವಾರದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

ಅವಳು ಹಾಳೆ ತಿರುವಿ ನೋಡಿದಳು, ಆಮೇಲೆ ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದಿದ್ದ 'ಒಂದು' ಹೊಡೆದು ಸೊನ್ನೆ ಬರೆದಳು. "ಬೇಜಾರು ಮಾಡ್ಕೋಬೇಡಿ ಸರ್, ನಿಯಮ ಹಾಗಿದೆ."

"ನಿಯಮ ಸರಿಯಾಗೇ ಇದೆ," ಎಂದರು ಗಾಜಿನವರು.

ಸರಿಯಾಗಿತ್ತು ನಿಜ, ಅದೇ ಸಂಕಟ. ತಪ್ಪಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಕಪ್ಪು ಎದುರು ತಂಡದ ಪಾಲಾಯಿತು, ಮೇಷ್ಟ್ರು ಮೂರು ತಿಂಗಳು ಅವರನ್ನು ಮಾತಾಡಿಸಲಿಲ್ಲ.

ಮುಂದಿನ ವರ್ಷ ಎಲ್ಲ ಕಾಯಿದೆ ಪ್ರಕಾರ: ಕ್ಷೌರದಂಗಡಿಯವನು ಒಂದನೇ ಬೋರ್ಡು, ಗಾಜಿನವರು ನಾಲ್ಕು. ಹೆಂಡತಿಗೆ ಸಮಾಧಾನವೇ ಆಯಿತು. "ಒಳ್ಳೇದೇ ಆಯ್ತು ಬಿಡ್ರೀ. ಇನ್ಮೇಲೆ ಸಮ ಜೋಡಿ, ನ್ಯಾಯವಾದ ಆಟ."

ಮೊದಲ ಭಾನುವಾರ ಬೇಕರಿಯವನ ಕೈಲಿ ಸೋತರು. ಎರಡನೆಯ ಭಾನುವಾರ, ಆರು ತಿಂಗಳ ಹಿಂದಷ್ಟೇ ಆಟ ಕಲಿತಿದ್ದ ನಿವೃತ್ತ ನರ್ಸಮ್ಮನ ಕೈಲಿ. ಆಮೇಲೆ ಮತ್ತೆ, ಮತ್ತೆ. ಒಂದನೇ ಬೋರ್ಡಿನಲ್ಲಿ ಸೋತರೆ ಹುಲಿಯ ಕೈಲಿ ಸೋತ ಹಾಗೆ. ಇಲ್ಲಿ ಸೋತರೆ ಬರೀ ಸೋತ ಹಾಗೆ. ಒಂಬತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಆಸೆಯನ್ನು ನ್ಯಾಯ ಐದೇ ವಾರದಲ್ಲಿ ನುಣ್ಣಗೆ ಬೋಳಿಸಿತು.

ಐದನೇ ಭಾನುವಾರ ಮತ್ತೆ ಬೇಕರಿಯವನ ಕೈಲೇ ಸೋತು ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. "ಇವತ್ತಾದ್ರೂ ಗೆದ್ರಾ?"

ತುಂಬಿದ ಸಭೆಯಲ್ಲಿ ಒಂದು ಸುಳ್ಳು ಹೇಳಲಾರದೆ ಕಪ್ಪು ಕಳೆದ ಮನುಷ್ಯ, ಬಾಗಿಲಲ್ಲಿ ನಿಂತು "ಗೆದ್ದೆ" ಎಂದರು.

ಅವಳ ಮುಖ ಅರಳಿತು. ಮಡಚಿದ ಅಂಗಿ ಬದಿಗಿಟ್ಟು ಅವರನ್ನು ಎಳೆದು ಕೂರಿಸಿಕೊಂಡಳು. "ಹೇಗೆ ಗೆದ್ರಿ? ಎಲ್ಲಾ ಹೇಳ್ರೀ, ಒಂದೂ ಬಿಡಬೇಡಿ."

ಅವರ ಬಳಿ ಹೇಳಲು ಇದ್ದದ್ದು ಒಂದೇ ಆಟ. ಡಾಕ್ಟರ ಜಾಗದಲ್ಲಿ ಬೇಕರಿಯವನನ್ನು ಕೂರಿಸಿ, ಪಟ್ಟಿಯಲ್ಲಿ ಸೊನ್ನೆಯಾಗಿದ್ದ ಆ ಆಟವನ್ನು ಮೊದಲಿನಿಂದ ಹೇಳತೊಡಗಿದರು.